ಮಗನ ಹಸಿವಿನ ಮೂಲ ಹುಡುಕಿದ ವರ್ಷ

ಆಟಿಸಂ ಇರುವ ಮಗು ಎಷ್ಟು ತಿಂದರೂ ಇನ್ನೂ ಬೇಕೆಂದು ಹಟ ಹಿಡಿದರೆ, ತನ್ನನ್ನು ತಾನೇ ಹೊಡೆದುಕೊಂಡರೆ, ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಆಟಿಸಂ ಅಂದ ಮೇಲೆ ಹಾಗೆಯೇ." ಈ ಮಾತನ್ನು ನಾನು ನೆಂಟರ ಬಾಯಲ್ಲಿ ಕೇಳಿದ್ದೇನೆ, ಶಾಲೆಯಲ್ಲಿ ಕೇಳಿದ್ದೇನೆ, ಆಸ್ಪತ್ರೆಯ ಕೋಣೆಯಲ್ಲೂ ಕೇಳಿದ್ದೇನೆ. ನನ್ನ ಮಗನ ಮಟ್ಟಿಗೆ ಅದು ಸುಳ್ಳಾಯಿತು. ಅವನ ಬಾಯಲ್ಲಿ ಒಂದು ತೊಂದರೆ ಇತ್ತು, ಕರುಳಿನಲ್ಲಿ ಒಂದು, ರಕ್ತದಲ್ಲಿ ಇನ್ನೊಂದು. ಇವುಗಳ ಮೇಲೆ ಹೊದಿಕೆ ಹೊದಿಸಿ, ತಾನೂ ಒಂದು ತೊಂದರೆ ತಂದಿಟ್ಟ ಮಾತ್ರೆ ಇತ್ತು. ಅವು ಒಂದೊಂದಾಗಿ ಬಯಲಿಗೆ ಬಂದ ಬಗೆಯನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆಯ ಊರುಗಳಲ್ಲಿ ಇಂಥದೇ ಮಗುವನ್ನು ಕಂಕುಳಲ್ಲಿ ಹೊತ್ತು ಅಲೆಯುತ್ತಿರುವ ತಾಯಂದಿರು ಎಷ್ಟೋ ಮಂದಿ ಇದ್ದಾರೆಂದು ನನಗೆ ಗೊತ್ತು.

ನಾವು ಬಳ್ಳಾರಿಯವರು. ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ, ಮನೆಯವರು ಕಟಿಂಗ್ ಮಾಸ್ಟರ್. ಮಗನಿಗೆ ಈಗ ಒಂಬತ್ತು ವರ್ಷ. ಮೂರೂವರೆ ವರ್ಷದವನಿದ್ದಾಗ ಆಟಿಸಂ ಎಂದು ತಿಳಿಯಿತು. ಮಾತು ಬೆರಳೆಣಿಕೆಯಷ್ಟೇ: ನೀರು, ಬೇಡ, ಅವ್ವ, ಹೋಗೋಣ. "ಇಲ್ಲಿ ನೋಯುತ್ತಿದೆ" ಎಂದು ತೋರಿಸುವುದು ಅವನಿಗೆ ಬರುವುದಿಲ್ಲ. ಉಳಿದ ಎಲ್ಲ ಸಂಕಟದ ಬೇರು ಇದರಲ್ಲೇ ಇದೆ.

ಏಳು ತುಂಬಿದ ಮೇಲೆ ಅವನ ನಡವಳಿಕೆ ಬದಲಾಯಿತು. ಅಂಗೈಯ ಬುಡದಿಂದ ಗದ್ದಕ್ಕೆ ಹೊಡೆದುಕೊಳ್ಳುವನು. ಅಂಗಿಯ ಕಾಲರ್ ಜಗಿದು ಜಗಿದು ಎಳೆ ಎಳೆಯಾಗಿ ಬಿಡಿಸುವನು. ರಾತ್ರಿ ಊಟವಾದ ಮೇಲೆ ಮಂಚದ ಅಂಚಿಗೆ ಹೊಟ್ಟೆಯನ್ನು ಒತ್ತಿಕೊಂಡು ಬೋರಲು ಬೀಳುವನು, ಎಬ್ಬಿಸಲು ಹೋದರೆ ಕಚ್ಚುವನು. ನಡುರಾತ್ರಿ ಎದ್ದು ಕಿರುಚುವನು. ಅತ್ತೆ ಮೊದಲ ವಾರದಲ್ಲೇ ಹೇಳಿದರು: "ಕೂಸಿನ ಹೊಟ್ಟೆಯಲ್ಲಿ ಏನೋ ಆಗಿದೆ ನೋಡವ್ವ, ಹುಳ ಇರಬೇಕು." ಹುಳದ ಮಾತ್ರೆ ಕೊಡಿಸಿದೆವು, ದುರ್ಗಮ್ಮನಿಗೆ ಹರಕೆಯನ್ನೂ ಹೊತ್ತೆವು. ಹುಳದ ಮಾತ್ರೆಯಿಂದ ಗುಣವೇನೂ ಕಾಣಲಿಲ್ಲ, ಆದರೆ ಹೊಟ್ಟೆಯತ್ತ ಬೆರಳು ತೋರಿಸಿದ ಮೊದಲಿಗರು ಅತ್ತೆಯೇ.

ಶಾಲೆಯಿಂದ ದೂರು ಬಂತು. ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿ ಮಗುವಿನ ಹೊಟ್ಟೆ ಮುಟ್ಟಲಿಲ್ಲ, ಬಾಯಿ ತೆರೆಸಲಿಲ್ಲ, ತೂಕವನ್ನೂ ನೋಡಲಿಲ್ಲ. ನಾವು ಹೇಳಿದ್ದನ್ನು ಅರ್ಧ ಕೇಳಿ ರಿಸ್ಪೆರಿಡೋನ್ ಬರೆದುಕೊಟ್ಟರು. ಔಷಧದ ಬಗ್ಗೆ ನನಗೆ ದ್ವೇಷವಿಲ್ಲ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಹೊಡೆತ, ಕಚ್ಚಾಟಕ್ಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಅನುಮತಿ ನೀಡಿದ ಔಷಧ ಅದು. 2009ರಲ್ಲಿ ಅರಿಪಿಪ್ರಜೋಲ್‌ಗೂ ಅನುಮತಿ ಸಿಕ್ಕಿತು. ಎಷ್ಟೋ ಮನೆಗಳಿಗೆ ಇವು ನೆಮ್ಮದಿ ತಂದಿವೆ. ಆದರೆ ಹಸಿವನ್ನು ಹೆಚ್ಚಿಸುವುದು, ತೂಕ ಏರಿಸುವುದು ರಿಸ್ಪೆರಿಡೋನ್‌ನ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಶುರು ಮಾಡುವ ಮೊದಲೇ ತೂಕ, ಸೊಂಟದ ಸುತ್ತಳತೆ, ಉಪವಾಸದ ಸಕ್ಕರೆ, ಕೊಬ್ಬಿನಂಶ ನೋಡಿಟ್ಟುಕೊಂಡು ಆಮೇಲೆ ಆಗಾಗ ಹೋಲಿಸಬೇಕು. ನಮಗೆ ಅದನ್ನು ಯಾರೂ ಹೇಳಲಿಲ್ಲ.

ಕೆಲವು ವಾರ ಮಗ ಶಾಂತನಾದ. ಆಮೇಲೆ ಹಸಿವು ಎದ್ದಿತು. ನಾನು ಕಂಡ ಯಾವ ಮಗುವಿನಲ್ಲೂ ಅಂಥ ಹಸಿವನ್ನು ನೋಡಿರಲಿಲ್ಲ. ತಟ್ಟೆ ಮುಗಿಸಿ ಅಪ್ಪನ ತಟ್ಟೆಗೆ ಕೈ ಹಾಕುವನು, ಅಲ್ಲಿಂದ ಪಾತ್ರೆಗೆ. ಮಂಡಕ್ಕಿಯ ಡಬ್ಬಿ ಒಂದು ಮಧ್ಯಾಹ್ನಕ್ಕೆ ಖಾಲಿ. ದೋಸೆಗೆ ನೆನೆಹಾಕಿದ ಅಕ್ಕಿಯನ್ನು ರಾತ್ರಿ ಎದ್ದು ಮುಕ್ಕುವನು. ಹಾಲಿನ ಪಾತ್ರೆಗೆ ಬಾಯಿಟ್ಟು ಕುಡಿಯುವನು. ಶಾಲೆಯಲ್ಲಿ ಬೇರೆ ಮಕ್ಕಳ ಡಬ್ಬಿ ಕಸಿಯುತ್ತಾನೆಂದು ಅವನನ್ನು ಒಬ್ಬನನ್ನೇ ಮೂಲೆಯಲ್ಲಿ ಕೂರಿಸಿದರು. 23 ಕಿಲೋ ಇದ್ದ ಹುಡುಗ ವರ್ಷ ತುಂಬುವ ಮೊದಲೇ 32 ಕಿಲೋ ಆದ. ಅಡುಗೆಮನೆಗೆ ಬೀಗ ಹಾಕಿರಿ ಎಂಬ ಸಲಹೆ ಬಂತು. ಬೀಗ ಬಿದ್ದ ದಿನದಿಂದ ಬಾಗಿಲಿಗೆ ತಲೆ ಚಚ್ಚಿಕೊಳ್ಳತೊಡಗಿದ. ಅದನ್ನು ಹೇಳಲು ಹೋದರೆ ಅದೇ ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಹಸಿವು ಇನ್ನಷ್ಟು ಕೆರಳಿತು. ಮಗುವನ್ನು ಈ ಸುಳಿಯಿಂದ ಎತ್ತದಿದ್ದರೆ ಅವನು ಉಳಿಯುವುದಿಲ್ಲವೆಂದು ನನಗೆ ಅನ್ನಿಸಿತು.

ನನ್ನ ಕಸುಬೇ ಲೆಕ್ಕ ಬರೆಯುವುದು. ಘಟಕದಿಂದ ಒಂದು ಉದ್ದನೆಯ ಪುಸ್ತಕ ತಂದು ಮಗನ ಲೆಕ್ಕ ಹಾಕತೊಡಗಿದೆ. ಎಷ್ಟು ಹೊತ್ತಿಗೆ ಏನು ತಿಂದ, ಏನನ್ನು ಬಿಟ್ಟ, ಮಲ ಹೇಗಿತ್ತು, ಎಷ್ಟು ನಿದ್ದೆ, ಎಷ್ಟು ಹೊತ್ತಿಗೆ ಹೊಡೆದುಕೊಂಡ, ಯಾವ ಕೈಯಿಂದ, ಯಾವ ಭಾಗಕ್ಕೆ. ಮನೆಯವರಿಗೂ ಅತ್ತೆಗೂ ಹೇಳಿಕೊಟ್ಟೆ. ಅತ್ತೆಗೆ ಬರೆಯಲು ಬಾರದು, ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಡುತ್ತಿದ್ದರು. "ಏನು ಬಿಟ್ಟ" ಎಂಬ ಕಾಲಂ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಎಲ್ಲವನ್ನೂ ತಿನ್ನುವ ಹುಡುಗ ಏನನ್ನಾದರೂ ಬಿಡುತ್ತಾನೆಯೇ ಎಂದು ಮನೆಯವರು ಕೇಳಿದ್ದರು. ಬಿಡುತ್ತಿದ್ದ. ಜೋಳದ ರೊಟ್ಟಿ ಕೊಟ್ಟರೆ ನಡುವಿನ ಮೆತ್ತನೆಯ ಭಾಗವನ್ನು ಕಿತ್ತು ತಿಂದು, ಸುತ್ತಲಿನ ಗಟ್ಟಿ ಅಂಚನ್ನು ಬಳೆಯ ಆಕಾರದಲ್ಲಿ ತಟ್ಟೆಯಲ್ಲೇ ಉಳಿಸುತ್ತಿದ್ದ. ಕಡಕ್ ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಶೇಂಗಾ ಕಾಳು ಬಾಯಿಗೆ ಹಾಕಿ ಉಗುಳುತ್ತಿದ್ದ, ಪುಡಿ ಮಾಡಿದ ಶೇಂಗಾ ಚಟ್ನಿಯನ್ನಾದರೆ ನೆಕ್ಕುತ್ತಿದ್ದ. ಬೇಸಿಗೆಯಲ್ಲಿ, ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳಲ್ಲೂ, ಫ್ರಿಜ್ಜಿನ ನೀರು ಕೊಟ್ಟರೆ ಚೆಲ್ಲುತ್ತಿದ್ದ. ಹೊಡೆದುಕೊಳ್ಳುವುದು ಸದಾ ಬಲಗಡೆಯ ಗದ್ದಕ್ಕೇ.

ಆ ಪುಸ್ತಕ ಹಿಡಿದುಕೊಂಡು, ಪರಿಚಿತರೊಬ್ಬರು ಹೇಳಿದ ಮಕ್ಕಳ ವೈದ್ಯರ ಬಳಿಗೆ ಹೋದೆ. ವಯಸ್ಸಾದವರು, ನಿಧಾನದವರು. ಮಗ ಅವರ ಮೇಜಿನ ಮೇಲಿನ ಸ್ಟೆತೊಸ್ಕೋಪನ್ನು ಎಳೆದಾಡುತ್ತಿದ್ದರೂ ಬೈಯದೆ ಪುಟ ಪುಟ ತಿರುವಿದರು. ಆಮೇಲೆ ಪ್ರಶ್ನೆಗಳು ಶುರುವಾದವು. ಹುಟ್ಟಿದಾಗ ಮಗು ಹತ್ತಿಯಂತೆ ಮೆತ್ತಗಿತ್ತೇ, ಎದೆಹಾಲು ಚೀಪಲು ಶಕ್ತಿ ಇರಲಿಲ್ಲವೇ? ನೀರಡಿಕೆ ಹೆಚ್ಚಿದೆಯೇ, ಪದೇ ಪದೇ ಮೂತ್ರಕ್ಕೆ ಹೋಗುತ್ತಾನೆಯೇ? ಕಣ್ಣು ನೆಟ್ಟು, ತುಟಿ ಚಪ್ಪರಿಸುತ್ತ ಕೆಲಕ್ಷಣ ಮೈಮರೆಯುತ್ತಾನೆಯೇ? ಮಣ್ಣು, ಸುಣ್ಣ, ಬಳಪ ತಿನ್ನುತ್ತಾನೆಯೇ? ಮೆಡಿಕಲ್ ಅಂಗಡಿಯಿಂದ ಹಸಿವಿನ ಟಾನಿಕ್ ತಂದು ಕೊಟ್ಟಿದ್ದೀರಾ? ಆ ಕೊನೆಯ ಪ್ರಶ್ನೆಯ ಕಾರಣವನ್ನೂ ಹೇಳಿದರು. ಮಗು ಸಣಕಲು ಎಂದು ಅನೇಕರು ತಂದು ಕುಡಿಸುವ ಸಿರಪ್‌ಗಳಲ್ಲಿ ಸೈಪ್ರೊಹೆಪ್ಟಡಿನ್ ಇರುತ್ತದೆ, ಅದರ ಕೆಲಸವೇ ಹಸಿವು ಹೆಚ್ಚಿಸುವುದು. ಉಬ್ಬಸಕ್ಕೋ ಅಲರ್ಜಿಗೋ ಕೊಡುವ ಸ್ಟಿರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಕೂಡ ಹಸಿವು ಕೆರಳಿಸಬಲ್ಲವು. ಹಾಗಾಗಿ ಮನೆಯಲ್ಲಿರುವ ಎಲ್ಲ ಬಾಟಲಿ, ಎಲ್ಲ ಮಾತ್ರೆಯ ಪಟ್ಟಿಗಳನ್ನು ಚೀಲದಲ್ಲಿ ತುಂಬಿ ತನ್ನಿ ಎಂದರು. ನಮ್ಮ ಚೀಲದಲ್ಲಿ ರಿಸ್ಪೆರಿಡೋನ್ ಬಿಟ್ಟರೆ ಆ ಬಗೆಯದು ಬೇರೇನೂ ಇರಲಿಲ್ಲ.

ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಹೊಟ್ಟೆ ಒತ್ತಿ ನೋಡಿದರು. ಕೆಳಹೊಟ್ಟೆಯ ಎಡಗಡೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು, ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟರು. "ಇವನಿಗೆ ಮಲಬದ್ಧತೆ ಇದೆಯಮ್ಮ" ಎಂದಾಗ ನಾನು ಒಪ್ಪಲಿಲ್ಲ. ದಿನವೂ ಹೋಗುತ್ತಾನಲ್ಲ, ಚಡ್ಡಿಯಲ್ಲೂ ತೆಳುವಾಗಿ ಆಗುತ್ತದಲ್ಲ, ಭೇದಿಯೆಂದೇ ಶಾಲೆಯವರು ಮನೆಗೆ ಕಳಿಸಿದ್ದಾರೆ ಎಂದೆ. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ದೊಡ್ಡ ಕರುಳಿನ ತುಂಬ ಮಲ ಕಟ್ಟಿಕೊಂಡಿತ್ತು. ಗಟ್ಟಿಯಾದದ್ದು ಒಳಗೇ ನಿಂತು, ತೆಳ್ಳಗಿನದು ಅದರ ಪಕ್ಕದಿಂದ ಜಾರಿ ಹೊರಬರುತ್ತದೆ, ನೋಡಿದವರಿಗೆ ಭೇದಿಯಂತೆ ಕಾಣುತ್ತದೆ ಎಂದು ವಿವರಿಸಿದರು. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ಬಹಳ ಸಾಮಾನ್ಯ. ಮಾತು ಬಾರದ ಮಗುವಿನಲ್ಲಿ ಹೊಟ್ಟೆನೋವಿಗೆ ನಡವಳಿಕೆಯೇ ಏಕೈಕ ಲಕ್ಷಣವಾಗಿರಬಹುದು, ಹೊಟ್ಟೆಯನ್ನು ಗಟ್ಟಿ ವಸ್ತುವಿಗೆ ಒತ್ತಿಕೊಳ್ಳುವುದು, ರಾತ್ರಿ ಎದ್ದು ಅಳುವುದು, ಹೊಡೆದುಕೊಳ್ಳುವುದನ್ನು ಕಂಡರೆ ಮೊದಲು ಜೀರ್ಣಾಂಗವನ್ನು ಪರೀಕ್ಷಿಸಬೇಕು ಎಂದು 2010ರಲ್ಲೇ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರ ತಂಡವೊಂದು ಒಮ್ಮತದಿಂದ ಬರೆದಿದೆ. ಮಂಚದ ಅಂಚಿನ ಆ ರಾತ್ರಿಗಳು ನನಗೆ ಆಗ ಅರ್ಥವಾದವು.

ರಕ್ತ ಪರೀಕ್ಷೆಗಳೂ ಆದವು. ಥೈರಾಯ್ಡ್ ಸರಿಯಿತ್ತು. ಸಕ್ಕರೆ ಸರಿಯಿತ್ತು. ಮಕ್ಕಳಲ್ಲಿ ಬರುವ ಮಧುಮೇಹದಲ್ಲಿ ಹಸಿವಿನ ಜೊತೆಗೆ ನೀರಡಿಕೆ, ಮೂತ್ರ ಹೆಚ್ಚುತ್ತವೆ, ತೂಕ ಮಾತ್ರ ಇಳಿಯುತ್ತದೆ. ಅಂಥದ್ದು ಕಂಡರೆ ಅಂದೇ ಆಸ್ಪತ್ರೆಗೆ ಓಡಬೇಕು, ನಾಳೆಗೆ ಇಡುವ ವಿಷಯವಲ್ಲ. ನನ್ನನ್ನು ತುಂಬಾ ಹೆದರಿಸಿದ್ದು ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ಹೆಸರು. ಹದಿನೈದನೆಯ ಕ್ರೋಮೋಸೋಮಿನಲ್ಲಿ ತಂದೆಯಿಂದ ಬರಬೇಕಾದ ಭಾಗ ಕೆಲಸ ಮಾಡದಿರುವುದರಿಂದ ಬರುವ ಸ್ಥಿತಿ ಅದು. 10,000ದಿಂದ 30,000 ಮಕ್ಕಳಲ್ಲಿ ಒಬ್ಬರಿಗೆ ಇರಬಹುದು. ಇಂಥ ಮಕ್ಕಳು ಹುಟ್ಟುವಾಗ ತೀರ ಮೆತ್ತಗಿದ್ದು ಹಾಲು ಚೀಪಲಾರರು, ಕೆಲವು ವರ್ಷ ಕಳೆದ ಮೇಲೆ ತಣಿಯದ ಹಸಿವು ಶುರುವಾಗುತ್ತದೆ. ಎತ್ತರ ಕಡಿಮೆ, ಕೈಕಾಲು ಪುಟ್ಟವು. ಇವರಲ್ಲಿ ಕೆಲವರಿಗೆ ಆಟಿಸಂ ಲಕ್ಷಣಗಳೂ ಇರುವುದರಿಂದ ಮೂಲ ಕಾಯಿಲೆ ವರ್ಷಗಟ್ಟಲೆ ಮರೆಯಾಗಿ ಉಳಿಯುತ್ತದೆ. ರಕ್ತದಲ್ಲಿ ಮಾಡುವ ಮೆತಿಲೇಷನ್ ಎಂಬ ಜೀನ್ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ನನ್ನ ಮಗ ಹುಟ್ಟಿದ ದಿನದಿಂದ ಗಟ್ಟಿಯಾಗಿ ಹಾಲು ಕುಡಿದವನು, ವಯಸ್ಸಿಗೆ ಮೀರಿದ ಎತ್ತರದವನು, ಹಸಿವು ಶುರುವಾದದ್ದೂ ಮಾತ್ರೆಯ ನಂತರ. ಹಾಗಾಗಿ ಆ ಪರೀಕ್ಷೆ ಈಗ ಬೇಡ ಎಂದರು. ಮಗು ಹುಟ್ಟಿದಾಗ ಹಾಲು ಕುಡಿಯಲಾರದೆ ನಳಿಕೆಯಲ್ಲಿ ಹಾಕಿಸಿಕೊಂಡಿದ್ದರೆ, ಈಗ ಊಟಕ್ಕೆ ಕೊನೆಯೇ ಇಲ್ಲದಿದ್ದರೆ, ದಯವಿಟ್ಟು ಈ ಹೆಸರನ್ನು ನಿಮ್ಮ ವೈದ್ಯರ ಮುಂದೆ ನೀವೇ ಎತ್ತಿ.

ತೊಂದರೆ ಸಿಕ್ಕಿದ್ದು ಕಬ್ಬಿಣಾಂಶದಲ್ಲಿ. ಅವನ ವಯಸ್ಸಿಗೆ ಹಿಮೋಗ್ಲೋಬಿನ್ 11.5 ಆದರೂ ಇರಬೇಕು, 9.4 ಇತ್ತು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ತಳ ಕಂಡಿತ್ತು. ಕಾಲರ್ ಜಗಿಯುವುದು, ಹಸಿ ಅಕ್ಕಿ ಮುಕ್ಕುವುದು, ನಿದ್ದೆಯಲ್ಲಿ ಕಾಲು ಒದೆಯುತ್ತ ಹೊರಳಾಡುವುದು ಇವೆಲ್ಲ ಕಬ್ಬಿಣದ ಕೊರತೆಯಿಂದಲೂ ಆಗಬಹುದು. ಮಣ್ಣು, ಹಳೆಯ ಬಣ್ಣದ ಚಕ್ಕೆ ತಿನ್ನುವ ಮಗುವಾದರೆ ರಕ್ತದಲ್ಲಿ ಸೀಸವನ್ನೂ ನೋಡಬೇಕಾಗುತ್ತದೆ ಎಂದರು. ನಮ್ಮವನಿಗೆ ಆ ಚಾಳಿ ಇರಲಿಲ್ಲ.

ಮೊದಲು ಕರುಳನ್ನು ತೆರವುಗೊಳಿಸಬೇಕು, ಆಮೇಲೆ ಕಬ್ಬಿಣದ ಸಿರಪ್ ಎಂದು ಕ್ರಮ ಹಾಕಿಕೊಟ್ಟರು. ಕಬ್ಬಿಣದ ಔಷಧವೇ ಮಲವನ್ನು ಗಟ್ಟಿ ಮಾಡುತ್ತದೆ, ಈ ಕ್ರಮ ತಪ್ಪಿದರೆ ನೋವು ಹೆಚ್ಚುತ್ತದೆ. ಮಲವನ್ನು ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ರುಚಿ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ನೀರಿನ ಪ್ರಮಾಣ ಹೆಚ್ಚು. ಮಜ್ಜಿಗೆಯಲ್ಲಿ, ನಿಂಬೆಹಣ್ಣಿನ ಪಾನಕದಲ್ಲಿ, ಅವನಿಗೆ ಇಷ್ಟದ ಹಸಿರು ಲೋಟದಲ್ಲಿ, ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಸಿದೆವು. ಮೊದಲ ಕೆಲವು ದಿನ ಶಾಲೆ ಇಲ್ಲ, ಕೆಲಸ ಇಲ್ಲ, ಬಚ್ಚಲು ಮತ್ತು ಬಟ್ಟೆ ಒಗೆಯುವುದೇ ಕೆಲಸ. ನಂತರ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಮುಂದುವರಿಸಬೇಕು. ಹಿಗ್ಗಿದ ಕರುಳು ತನ್ನ ಬಿಗಿಯನ್ನು ಮರಳಿ ಪಡೆಯಲು ಅಷ್ಟು ಕಾಲ ಬೇಕು. ಸರಿಹೋಯಿತೆಂದು ನಡುವೆ ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚಲಿಸುವುದರಿಂದ ಆ ಹೊತ್ತಿಗೇ ಕೂರಿಸಬೇಕು. ಫ್ಲಶ್ ಸದ್ದಿಗೆ ಅವನು ನಡುಗುತ್ತಿದ್ದುದರಿಂದ ಅದನ್ನು ಬಿಟ್ಟು ಬಕೆಟ್‌ನಲ್ಲಿ ನೀರು ಹಾಕಿದೆವು. ಅತ್ತೆ ಎದುರಿಗೆ ಕುಳಿತು ಹಾಡುತ್ತಿದ್ದರು.

ಹೊಟ್ಟೆ ಹಗುರಾದ ಮೇಲೆ ಮಂಚಕ್ಕೆ ಒತ್ತಿಕೊಳ್ಳುವುದು ನಿಂತಿತು, ರಾತ್ರಿಯ ಕಿರುಚಾಟ ಬಹುಪಾಲು ನಿಂತಿತು. ಗದ್ದಕ್ಕೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಪುಸ್ತಕದ ಆ ಕಾಲಂ ನೋಡಿಯೇ ವೈದ್ಯರು ದಂತ ವೈದ್ಯರಿಗೆ ಚೀಟಿ ಕೊಟ್ಟರು. ಬಾಯಿ ತೆರೆಸುವುದು ಸುಲಭವಿರಲಿಲ್ಲ. ನಾನೂ ದಂತ ವೈದ್ಯೆಯೂ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕುಳಿತು, ಮಗನ ತಲೆ ಅವರ ಮಡಿಲಿಗೆ ಬರುವಂತೆ ಮಲಗಿಸಿದೆವು. ಟಾರ್ಚಿನ ಬೆಳಕಿನಲ್ಲಿ ಬಲಗಡೆಯ ಕೆಳದವಡೆಯ ಎರಡು ಹಲ್ಲು ಬೇರಿನತನಕ ಹುಳುಕಾಗಿರುವುದು ಕಂಡಿತು, ಒಂದರ ಬುಡದಲ್ಲಿ ಕೀವು. ರೊಟ್ಟಿಯ ಅಂಚು, ಶೇಂಗಾ ಕಾಳು, ತಣ್ಣೀರು ಎಲ್ಲದಕ್ಕೂ ಉತ್ತರ ಅಲ್ಲಿತ್ತು. ಮಗು ಅಷ್ಟು ಕಾಲ ಆ ನೋವನ್ನು ಹೊತ್ತು ತಿರುಗಿದ್ದನ್ನು ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ.

ಕುರ್ಚಿಯಲ್ಲಿ ಕೂರಿಸಿ ಮಾಡಲಾಗದ್ದರಿಂದ ಅರಿವಳಿಕೆ ಕೊಟ್ಟು ಮಾಡಬೇಕಾಯಿತು. ಅರಿವಳಿಕೆಗೆ ಮೊದಲು ಆರು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕು. ಮಾತ್ರೆಯ ಹಸಿವಿನಲ್ಲಿರುವ ಮಗುವಿಗೆ ಅದನ್ನು ಹೇಗೆ ತಿಳಿಸುವುದು? ಬೆಳಗಿನ ಮೊದಲ ಸರದಿಯೇ ಬೇಕೆಂದು ಕೇಳಿ ಪಡೆದೆವು. ಹಿಂದಿನ ರಾತ್ರಿ ನಮ್ಮ ಅಣ್ಣನ ಅಂಗಡಿಯ ಮೇಲಿನ ಖಾಲಿ ಕೋಣೆಯಲ್ಲಿ ಮಲಗಿದೆವು. ಒಲೆಯಿಲ್ಲ, ಫ್ರಿಜ್ ಇಲ್ಲ, ಒಗ್ಗರಣೆಯ ವಾಸನೆ ಇಲ್ಲ. ನಾವು ದೊಡ್ಡವರೂ ಅವನೆದುರು ಏನನ್ನೂ ತಿನ್ನಲಿಲ್ಲ. ಎಚ್ಚರವಾದಾಗ ಅವನನ್ನು ನೇರವಾಗಿ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೊರಟೆವು. ಸ್ಕೂಟರ್ ಸವಾರಿ ಎಂದರೆ ಅವನು ಹಸಿವನ್ನೂ ಮರೆಯುತ್ತಾನೆ.

ಹಲ್ಲು ತೆಗೆದ ಮೇಲೆ ಇಡೀ ಸರಪಳಿ ಕಣ್ಣಿಗೆ ಕಟ್ಟಿತು, ವೈದ್ಯರೂ ಅದನ್ನೇ ಹೇಳಿದರು. ಹಲ್ಲುನೋವಿನಿಂದ ಗಟ್ಟಿ ಪದಾರ್ಥ ಬಿಟ್ಟ, ಹಾಲು, ಬಿಸ್ಕತ್ತು, ಬ್ರೆಡ್, ಮೆತ್ತಗಾದ ಮಂಡಕ್ಕಿಗೆ ಇಳಿದ. ಸೊಪ್ಪು, ಕಾಳು, ರೊಟ್ಟಿ ಇಲ್ಲದೆ ಹಾಲೇ ಹೆಚ್ಚಾದದ್ದರಿಂದ ಮಲ ಕಟ್ಟಿತು, ಕಬ್ಬಿಣ ಇಳಿಯಿತು. ಹಲ್ಲು ಮತ್ತು ಹೊಟ್ಟೆ ಸೇರಿ ಅವನನ್ನು ಹೊಡೆದುಕೊಳ್ಳುವಂತೆ ಮಾಡಿದವು. ಹೊಡೆತಕ್ಕೆ ಮಾತ್ರೆ ಬಂತು, ಮಾತ್ರೆ ಹಸಿವನ್ನು ತಂದಿತು. ರಿಸ್ಪೆರಿಡೋನ್ ಮಲಬದ್ಧತೆಯನ್ನೂ ತರಬಲ್ಲದು, ಹಾಗಾಗಿ ಮೊದಲಿದ್ದ ನೋವಿಗೂ ಅದು ಕೈಜೋಡಿಸಿತು.

ಮಾತ್ರೆಯನ್ನು ಅಂದೇ ಎಸೆಯಬೇಕೆಂದು ನನಗೆ ಅನ್ನಿಸಿತ್ತು. ವೈದ್ಯರು ತಡೆದರು. ಥಟ್ಟನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಕೈಕಾಲು ಮುಖ ತಾವಾಗಿ ಅಲುಗಾಡಬಹುದು. ಮಕ್ಕಳ ಮನೋವೈದ್ಯರೊಬ್ಬರ ಉಸ್ತುವಾರಿಯಲ್ಲಿ ಹಂತ ಹಂತವಾಗಿ ಇಳಿಸುತ್ತಿದ್ದೇವೆ. ಪ್ರತಿ ಇಳಿಕೆಯ ನಂತರ ಕೆಲವು ವಾರ ಕಾದು, ಪುಸ್ತಕ ನೋಡಿ, ಮುಂದಿನ ಹೆಜ್ಜೆ. ಅಡುಗೆಮನೆಯ ಬೀಗ ತೆಗೆದೆವು. ಅದರ ಬದಲು ಗೋಡೆಗೆ ಗಡಿಯಾರ ಹಾಕಿ, ಊಟದ ಹೊತ್ತುಗಳ ಪಕ್ಕದಲ್ಲಿ ತಟ್ಟೆಯ ಚಿತ್ರ ಅಂಟಿಸಿದೆವು. ಹಸಿವು, ತೃಪ್ತಿ ಎಂಬ ಒಳಗಿನ ಸೂಚನೆಗಳು ಆಟಿಸಂ ಇರುವ ಅನೇಕರಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ, ಅವರಿಗೆ ಹೊರಗಿನ ಗುರುತು ಬೇಕಾಗುತ್ತದೆ. ಹಾಲು ದಿನಕ್ಕೆ ಅರ್ಧ ಲೀಟರು ಮೀರುವುದಿಲ್ಲ. ಪುಂಡಿಪಲ್ಯ, ಹೆಸರುಕಾಳು, ಬಿಸಿ ರೊಟ್ಟಿ ಮರಳಿ ಬಂದಿವೆ. ಕಬ್ಬಿಣದ ಸಿರಪ್ ಹಾಲಿನ ಜೊತೆ ಕೊಡಬಾರದು, ನಿಂಬೆರಸದ ಜೊತೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ.

ಖರ್ಚಿನ ಮಾತನ್ನೂ ಹೇಳಬೇಕು, ನಮ್ಮಂಥವರಿಗೆ ಅದು ಸಣ್ಣದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಕೇಂದ್ರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದ್ದು, ಹೊರರೋಗಿ ಚಿಕಿತ್ಸೆ, ಪರೀಕ್ಷೆ, ಥೆರಪಿಗಳಿಗೂ ಭಾಗಶಃ ಸಿಗುತ್ತದೆ. ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಯೂ ಮುಂದಿನ ಚಿಕಿತ್ಸೆಯೂ ಉಚಿತ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ತಂಡದ ಮುಂದೆ ಮಗುವಿನ ಹೊಟ್ಟೆ, ಹಲ್ಲು, ನಿದ್ದೆಯ ವಿಷಯವನ್ನೂ ಹೇಳಿ.

ಮಗನ ಮಾತ್ರೆ ಈಗ ಮೊದಲಿನ ಅರ್ಧಕ್ಕೆ ಇಳಿದಿದೆ. ತೂಕ ಇಳಿದಿಲ್ಲ, ಏರುವುದು ನಿಂತಿದೆ. ಗದ್ದಕ್ಕೆ ಹೊಡೆದುಕೊಳ್ಳುವುದಿಲ್ಲ. ಬೇಸರವಾದಾಗ ಮಂಡಕ್ಕಿ ಡಬ್ಬಿಯ ಕಡೆ ಈಗಲೂ ಹೋಗುತ್ತಾನೆ, ಶಾಲೆಯಲ್ಲಿ ಗದ್ದಲವಾದರೆ ಈಗಲೂ ಕಿವಿ ಮುಚ್ಚಿ ಕೂಗುತ್ತಾನೆ. ಆಟಿಸಂ ಇದ್ದೇ ಇದೆ, ಅದನ್ನು ಕಳೆಯಲು ನಾವು ಹೊರಟವರಲ್ಲ. ಶಾಲೆಯ ಮೇಡಂ ಮಧ್ಯಾಹ್ನದ ಊಟದ ಕಾಲಂ ಅನ್ನು ತಾವೇ ತುಂಬಿ ಕಳಿಸುತ್ತಿದ್ದಾರೆ. ಮೊನ್ನೆ ಪುಸ್ತಕ ನೋಡುತ್ತ ವೈದ್ಯರು ಗೊರಕೆಯ ಬಗ್ಗೆ ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗ್ರಂಥಿ ಊದಿದ್ದರೆ ರಾತ್ರಿ ಉಸಿರಾಟ ತಡೆದು ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಹಸಿವೂ ಸಿಡುಕೂ ಏರುತ್ತವೆ. ಮುಂದಿನ ವಾರ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು, ಉಪವಾಸದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯನ್ನೂ ಅದೇ ದಿನ ಬೆಳಿಗ್ಗೆಯೇ ಮುಗಿಸಿಕೊಂಡು ಬರುತ್ತೇವೆ.